ಅಕ್ಕ ಎಂದದ್ದಕ್ಕೆ

ಹರೇಕಳದವರಿಗೆ ಸೌದಿ ಎಂದರೆ ಮಕ್ಕಾ. ಕುವೈತಿನ ಗಡಿಯಲ್ಲಿ ಅಲ್ ಖಫ್ಜಿ ಎಂಬ ಊರೊಂದಿದೆ, ಅಲ್ಲಿರುವುದು ಎಣ್ಣೆ ಬಾವಿಗಳು, ಅಲ್ಲಿಂದ ಮಕ್ಕಾ ಎಂದರೆ ಮಂಗಳೂರಿನಿಂದ ಬೊಂಬಾಯಿಗಿಂತಲೂ ದೂರ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಎಂಬತ್ತನಾಲ್ಕರ ಬೇಸಿಗೆ ಕಳೆಯಲು ಸಾರಮ್ಮ ಗಂಡನ ಬಳಿಗೆ ಹೊರಟಾಗ ನೆರೆಕರೆಯ ಹೆಂಗಸರೆಲ್ಲ ಅವಳ ಕೈ ಹಿಡಿದು, ನಮಗೂ ದುಆ ಮಾಡು ಎಂದು ಕಣ್ಣೊರೆಸಿಕೊಂಡರು. ಅವಳು ಹೋಗಿ ಕಂಡದ್ದು ಕಂಪೆನಿಯ ಮೆಸ್ಸಿನ ಹಿಂದಿನ ತಗಡಿನ ಕೋಣೆ, ಗುರುಗುಟ್ಟುವ ಎ.ಸಿ. ಮತ್ತು ಊರವರಿಗೆಲ್ಲ ಅನ್ನ ಬೇಯಿಸಿ ಬೇಯಿಸಿ ತಾನು ಸೊರಗಿ ಹೋಗಿದ್ದ ಗಂಡ ಹಸನ್ ಕುಂಞಿಯನ್ನು.

ಆದರೂ ಅವಳಿಗೆ ಅದೇ ಸುಖದ ಕಾಲ. ಮದುವೆಯಾದಂದಿನಿಂದ ಎರಡು ವರ್ಷಕ್ಕೊಮ್ಮೆ ಬಂದು, ಬ್ಯಾಗು ಬಿಚ್ಚಿ ಮುಗಿಯುವ ಮೊದಲೇ ಮತ್ತೆ ಕಟ್ಟುತ್ತಿದ್ದ ಗಂಡ ಈಗ ದಿನಾ ಕಣ್ಣೆದುರಿಗಿದ್ದ. ಮೆಸ್ಸಿನ ಕೆಲಸ ಮುಗಿಸಿ ಬಂದು ಅವಳಿಗೂ ತಾನೇ ಮೀನು ಕಾಯಿಸುತ್ತಿದ್ದ. "ಈ ಸಲ ನಿನ್ನೊಟ್ಟಿಗೇ ಬಂದುಬಿಡ್ತೇನೆ, ಸಾಕು ಮಾರಾಯ್ತಿ ಇಲ್ಲಿಯ ಸೆಕೆ" ಎಂದಿದ್ದ. ಅಷ್ಟು ಹೇಳಿದ ವಾರದಲ್ಲೇ ಒಲೆಯ ಮುಂದೆ ಕುಸಿದು ಬಿದ್ದ. ಬಲಗೈ, ಬಲಗಾಲು, ನಾಲಗೆ ಮೂರೂ ಹೋದವು.

ಅವನನ್ನು ದಮ್ಮಾಮಿನ ಆಸ್ಪತ್ರೆಗೆ ಸೇರಿಸಿದರು. ಗಂಡಸರ ವಾರ್ಡಿನಲ್ಲಿ ಹೆಂಗಸು ಉಳಿಯುವಂತಿರಲಿಲ್ಲವಾದ್ದರಿಂದ ಅವಳು ಖಫ್ಜಿಗೆ ಮರಳಬೇಕಾಯಿತು. ಹಸನ್ ಕುಂಞಿಯ ಕಫೀಲ್, ಎಂದರೆ ಅವನನ್ನು ಕೆಲಸಕ್ಕೆ ಕರೆಸಿಕೊಂಡ ಅರಬಿ ಧಣಿ, ಕೆಟ್ಟವನಲ್ಲ. ಊರಿಗೆ ಕರಕೊಂಡು ಹೋಗು ಎಂದು ಇಬ್ಬರ ಟಿಕೇಟು ಮಾಡಿಸಿದ. ಹಸನ್ ಕುಂಞಿಗೆ ಹುಷಾರಿಲ್ಲ, ಇಬ್ಬರೂ ಬರುತ್ತಿದ್ದೇವೆ ಎಂದು ಊರಿಗೆ ತಂತಿಯೂ ಹೋಯಿತು. ಸಾರಮ್ಮನಿಗೆ ಇದ್ದದ್ದು ಒಂದೇ ಹಂಬಲ. ಮಾತು ಬಾರದಿದ್ದರೆ ಬೇಡ, ನಡೆಯಲಾಗದಿದ್ದರೆ ಬೇಡ, ಜೀವ ಇದ್ದ ಹಾಗೆ ಅವನನ್ನು ಅವನ ಉಮ್ಮನ ಮುಂದೆ ತಂದು ಮಲಗಿಸಬೇಕು.

ಹೊರಡುವ ದಿನ ಕಫೀಲ್ ಊರಲ್ಲಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಮುಟ್ಟಿಸಿ, ಅಲ್ಲಿಂದ ಇಬ್ಬರನ್ನೂ ಸಂಜೆಯ ವಿಮಾನಕ್ಕೆ ಬಿಡುವ ಕೆಲಸ ಕಂಪೆನಿಯ ಡ್ರೈವರ್ ಸಾಂತಪ್ಪನ ಪಾಲಿಗೆ ಬಂತು. ಕಾಪುವಿನ ಕಡೆಯ ಹುಡುಗ, ಹಸನ್ ಕುಂಞಿಯ ಕೈ ಅನ್ನ ಉಂಡವನು. "ಹೆದರಬೇಡಿ ಅಕ್ಕ, ಹನ್ನೊಂದಕ್ಕೆಲ್ಲ ಕುಂಞಿ ಭಾಯಿಯ ಎದುರು ಇರ್ತೀರಿ" ಎಂದು ಬೆಳಕು ಹರಿಯುವಾಗಲೇ ವ್ಯಾನು ಬಿಟ್ಟ. ಎರಡೂ ಕಡೆ ಮರಳು, ನಡುವೆ ನೇರ ದಾರಿ. ಬೆಳಿಗ್ಗೆಯೇ ಸೀಟು ಸುಡತೊಡಗಿತ್ತು. ಕಪ್ಪು ಬುರ್ಖಾದೊಳಗೆ ಬೆವರುತ್ತ ಸಾರಮ್ಮ ಅಲ್ಲಾಹನ ಹೆಸರಿನ, ಬಾಯಿಗೆ ಬಂದ ದ್ಸಿಕ್ರ್ ಹೇಳಿಕೊಳ್ಳುತ್ತಿದ್ದಳು.

ಅರ್ಧ ದಾರಿಯ ಚೆಕ್‌ಪೋಸ್ಟಿನಲ್ಲಿ ಎಳೆ ಪ್ರಾಯದ ಪೊಲೀಸನೊಬ್ಬ ವ್ಯಾನು ನಿಲ್ಲಿಸಿ ಒಳಗೆ ಇಣುಕಿದ. ಇವಳು ಯಾರು ಎಂದು ಅರಬಿಯಲ್ಲಿ ಕೇಳಿದ.

ಡ್ರೈವರ್ ನಾನು, ಧಣಿಯ ಕೆಲಸಗಾರನ ಹೆಂಡತಿ ಇವಳು ಎಂದಿದ್ದರೆ ಬಹುಶಃ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಕಡೆಯ ಗಂಡುಮಕ್ಕಳಿಗೆ ಹುಟ್ಟಿನಿಂದ ಒಂದು ಅಭ್ಯಾಸ. ಬಸ್ಸಿನಲ್ಲಿ ಸಿಕ್ಕವಳೂ ಅಕ್ಕ, ಮೀನು ಮಾರುವವಳೂ ಅಕ್ಕ. ಹೆಂಗಸಿನ ಮರ್ಯಾದೆ ಕಾಯಲು ಅದಕ್ಕಿಂತ ದೊಡ್ಡ ಮಾತು ನಮ್ಮಲ್ಲಿಲ್ಲ. ಸಾಂತಪ್ಪನೂ ಅದನ್ನೇ ಅರಬಿಗೆ ತಿರುಗಿಸಿದ.

"ಉಖ್ತಿ" ಎಂದ. ನನ್ನ ಅಕ್ಕ.

ಪೊಲೀಸ್ ಅವನ ಇಕಾಮಾ, ಎಂದರೆ ವಾಸದ ಪರವಾನಗಿ, ನೋಡಿದ. ಅದರಲ್ಲಿ ಮುಸ್ಲಿಮನಲ್ಲ ಎಂದು ಬರೆದಿತ್ತು. ಅವಳ ಪಾಸ್‌ಪೋರ್ಟ್ ನೋಡಿದ. ಸಾರಮ್ಮ, ಗಂಡ ಹಸನ್ ಕುಂಞಿ. ಅವನ ಮುಖ ಗಂಟಿಕ್ಕಿತು.

ಒಬ್ಬನೇ ಅಪ್ಪನ ಮಕ್ಕಳೋ? ಅಲ್ಲ. ಒಬ್ಬಳೇ ತಾಯಿಯೋ? ಅಲ್ಲ. ಮತ್ತೆ ಅಕ್ಕ ಹೇಗಾದಳು?

"ನಮ್ಮೂರಲ್ಲಿ ಎಲ್ಲರೂ ಹೀಗೇ" ಎಂದ ಸಾಂತಪ್ಪ, ತನ್ನ ಹರುಕು ಅರಬಿಯಲ್ಲಿ. ಪಾಪ, ಅವನು ಹೇಳಿದ್ದು ಸತ್ಯ. ಪೊಲೀಸನ ಕಿವಿಗೆ ಅದು ಇನ್ನೇನೋ ಆಗಿ ಕೇಳಿಸಿತು. ಸುಳ್ಳು ಹೇಳಿ ಪರಹೆಂಗಸನ್ನು ಕರೆದೊಯ್ಯುತ್ತಿದ್ದಾನೆ ಎಂದು ವ್ಯಾನಿನ ಕೀಲಿ ಕಿತ್ತುಕೊಂಡ.

ಸಾಂತಪ್ಪನನ್ನು ಒಂದು ಕೋಣೆಗೆ ತಳ್ಳಿದರು. ಸಾರಮ್ಮನನ್ನು ಇನ್ನೊಂದರಲ್ಲಿ ಬೆಂಚಿನ ಮೇಲೆ ಕೂರಿಸಿದರು. ಅವಳಿಗೆ ಅರಬಿ ಓದಲು ಬರುತ್ತಿತ್ತು. ಮದ್ರಸದಲ್ಲಿ ಕಲಿತ ಕುರ್‌ಆನ್ ನೀರು ಕುಡಿದ ಹಾಗೆ ಬಾಯಿಗೆ ಬರುತ್ತಿತ್ತು. ಆದರೆ ನನ್ನ ಗಂಡ ಆಸ್ಪತ್ರೆಯಲ್ಲಿದ್ದಾನೆ, ನನ್ನನ್ನು ಬಿಡಿ ಎನ್ನಲು ಅದರಲ್ಲಿ ಒಂದು ಶಬ್ದವೂ ಗೊತ್ತಿರಲಿಲ್ಲ. ಬ್ಯಾರಿಯಲ್ಲಿ ಹೇಳಿದಳು, ಕನ್ನಡದಲ್ಲಿ ಹೇಳಿದಳು, ಕೊನೆಗೆ ಬರೇ ಅತ್ತಳು. ಅಳುವುದೇ ಅವಳ ತಪ್ಪಿಗೆ ಸಾಕ್ಷಿ ಎನ್ನುವಂತೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕಫೀಲನ ಮನೆಯ ಫೋನು ಸಿಕ್ಕಿ, ಅವನ ತಮ್ಮ ಜೋರು ಮಾಡಿ ಬಿಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಸಾಂತಪ್ಪನ ಒಂದು ಕೆನ್ನೆ ಊದಿತ್ತು. "ನನ್ನ ಬಾಯಿಗೆ ಮಣ್ಣು ಬೀಳ, ಎಂತ ಹೇಳಿಬಿಟ್ಟೆ ನಾನು" ಎನ್ನುತ್ತಲೇ ಗಾಡಿ ಓಡಿಸಿದ. ಸಾರಮ್ಮನಿಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಅಕ್ಕ ಎಂದವನ ಮೇಲೆ ಹೇಗೆ ಸಿಟ್ಟಾಗುವುದು ಎಂದು ತಿಳಿಯದೆ, "ವಿಮಾನ ಸಿಗ್ತದಾ?" ಎಂದಷ್ಟೇ ಕೇಳಿದಳು.

"ಸಿಗ್ತದೆ ಅಕ್ಕ, ಸಿಗ್ತದೆ" ಎಂದ ಅವನು.

ವಿಮಾನಕ್ಕೆ ಹೊತ್ತಿತ್ತು. ಹಸನ್ ಕುಂಞಿಗೆ ಇರಲಿಲ್ಲ. ಮಧ್ಯಾಹ್ನದ ಲುಹರ್ ಬಾಂಗಿನ ಹೊತ್ತಿಗೆ ಅವನಿಗೆ ಮತ್ತೊಮ್ಮೆ ಪಾರ್ಶ್ವವಾಯು ಬಡಿದು ಜೀವ ಹೋಗಿತ್ತು. ಮಲಯಾಳಿ ನರ್ಸೊಬ್ಬಳು ಸಾರಮ್ಮನನ್ನು ತಬ್ಬಿಕೊಂಡು ತನ್ನ ಭಾಷೆಯಲ್ಲೇ ಹೇಳಿದಳು: ಬೆಳಿಗ್ಗೆ ಹೊಸ ಅಂಗಿ ಹಾಕಿಸಿದ್ದೆವು, ಬಾಗಿಲು ಕಾಣುವ ಹಾಗೆ ಮಂಚ ತಿರುಗಿಸಿ ಎಂದು ಎಡಗೈಯಲ್ಲಿ ಸನ್ನೆ ಮಾಡಿದ, ತಿರುಗಿಸಿದೆವು. ಬ್ಯಾರಿ ಬಲ್ಲವಳಿಗೆ ಮಲಯಾಳ ಅರ್ಥವಾಗುತ್ತದೆ. ಆ ದಿನ ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಮಯ್ಯತ್ತನ್ನು ಊರಿಗೆ ಒಯ್ಯಬೇಕಾದರೆ ವಾರಗಟ್ಟಲೆ ಓಡಾಟ, ಇಲ್ಲಿಯೇ ಆಗಲಿ ಎಂದರು ಎಲ್ಲರೂ. ಒಪ್ಪಿಗೆಯ ಕಾಗದಕ್ಕೆ ಅವಳ ಬೆರಳೊತ್ತಿಸಿಕೊಂಡು ದಮ್ಮಾಮಿನಲ್ಲೇ ದಫನ ಮಾಡಿದರು. ಹೆಂಗಸರು ದಫನಕ್ಕೆ ಹೋಗುವಂತಿಲ್ಲ. ಅವಳನ್ನು ದಮ್ಮಾಮಿನಲ್ಲಿ ಇರಿಸಿಕೊಂಡಿದ್ದ, ಉಳ್ಳಾಲದ ಕಡೆಯ ಹಸನಬ್ಬನವರ ಮನೆಗೆ ಬಂದವರೆಲ್ಲ, "ಭಾಗ್ಯವಂತ, ಸೌದಿಯ ಮಣ್ಣು ಸಿಕ್ಕಿತು" ಎಂದರು. ಆ ಮಣ್ಣನ್ನು ಅವಳು ವ್ಯಾನಿನ ಕಿಟಕಿಯಿಂದ ದಿನವಿಡೀ ನೋಡಿದ್ದಳು. ಹಸನಬ್ಬನವರ ಹೆಂಡತಿ ಜಮೀಲಮ್ಮ, "ಇದ್ದತ್ ಮುಗಿಯುವವರೆಗೆ ಹೊಸಿಲು ದಾಟಬಾರದು ಮಗಳೇ" ಎಂದು ಅತ್ತರು. ವಿಧವೆಗೆ ವಿಧಿಸಿದ ಆ ನಾಲ್ಕು ತಿಂಗಳು ಹತ್ತು ದಿನ ದಾಟದೆ ಕೂರಲು ಆ ದೇಶದಲ್ಲಿ ಅವಳಿಗೆ ಹೊಸಿಲೆಲ್ಲಿತ್ತು? ವೀಸಾ ಮುಗಿಯುತ್ತ ಬಂದಿತ್ತು.

ಮೂರನೆಯ ದಿನ ಅವಳನ್ನು ವಿಮಾನ ಹತ್ತಿಸಿದರು. ಬೊಂಬಾಯಿಯಲ್ಲಿ ಇಳಿದು, ಪರಿಚಯದವರು ಹತ್ತಿಸಿದ ಬಸ್ಸಿನಲ್ಲಿ ಕುಳಿತು, ಘಟ್ಟ ಇಳಿದು, ಮಳೆಯಲ್ಲಿ ಕಿಟಕಿಯ ಸಂದಿನಿಂದ ನೀರು ತೊಟ್ಟಿಕ್ಕಿಸಿಕೊಳ್ಳುತ್ತ ಬಂದಳು. ಕುಂದಾಪುರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇಳಿದವರೆಲ್ಲ ಚಾ ಕುಡಿದರು. ಅವಳು ಇಳಿಯಲಿಲ್ಲ. ಬಸ್ಸು ಮತ್ತೆ ಹೊರಡದಿದ್ದರೂ ಅವಳಿಗೆ ಆಗುತ್ತಿತ್ತು.

ಮಂಗಳೂರಿನಿಂದ ಅಂಬಾಸಿಡರ್ ಟ್ಯಾಕ್ಸಿ ಮನೆಯಂಗಳಕ್ಕೆ ಬಂದಾಗ ಮಳೆ ನಿಂತಿತ್ತು. ಸಾವಿನ ಸುದ್ದಿ ಹೇಳಿ ಕಫೀಲ್ ಕಳಿಸಿದ್ದ ಎರಡನೆಯ ತಂತಿ ಮುಟ್ಟಿರಲಿಲ್ಲ ಎಂಬುದು ಅವಳಿಗೆ ಅಂಗಳ ಕಂಡೊಡನೆ ತಿಳಿಯಿತು. ಮೊದಲ ತಂತಿಯನ್ನೇ ನಂಬಿ ದಿನವೂ ಕಾಯುತ್ತ ಜಗಲಿ ಸಾರಿಸಿ ಚಾಪೆ ಹಾಸಿದ್ದರು, ಒಳಗಿಂದ ನೈಚೋರಿನ ತುಪ್ಪದ ಪರಿಮಳ ಬರುತ್ತಿತ್ತು. ಹಸನ್ ಕುಂಞಿಯ ಉಮ್ಮ ಮೈಮೂನತ್ ಮೊಣಕಾಲು ನೋವು ಮರೆತು ಮೆಟ್ಟಿಲು ಇಳಿದು ಬಂದರು. ಸೊಸೆಯತ್ತ ನೋಡಲೇ ಇಲ್ಲ. ಕಾರನ್ನು ಸುತ್ತಿ ಹೋಗಿ ಆಚೆ ಬದಿಯ ಬಾಗಿಲು ತೆರೆದು, ಸೆರಗಿನಿಂದ ಸೀಟು ಒರೆಸುತ್ತ, "ನಿಧಾನ ಇಳಿ ಮೋನೆ, ನಾನು ಹಿಡ್ಕೊಳ್ತೇನೆ" ಎಂದು ಒಳಗೆ ಕೈ ಚಾಚಿದರು.

ಸಾರಮ್ಮ ಆ ಕೈಯನ್ನು ಹಿಡಿದುಕೊಂಡಳು.

"ಉಮ್ಮ, ನಾನೊಬ್ಬಳೇ ಬಂದದ್ದು."