ಕಟ್ ಆಗದ ಮಿಸ್ಡ್ ಕಾಲ್

ರೇಷ್ಮೆಹುಳುಗಳ ಕೋಣೆಯಲ್ಲಿ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನೊಳಗಿನ ಸಣ್ಣ ಲ್ಯಾಬ್ ಅದು. ಹೊರಗೆ ಟೆಂಪೋಗಳ ಹಾರ್ನು. ಒಳಗೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ನೂರಾರು ಬಾಯಿಗಳು ಎಲೆ ಮೇಯುವ ಸರಸರ ಸದ್ದು. ಕೇಳುತ್ತ ನಿಂತರೆ ಕಣ್ಣು ತೆರೆದಿದ್ದೂ ನಿದ್ದೆ ಬಂದಂತಾಗುತ್ತಿತ್ತು.

ಪ್ರಯೋಗಕ್ಕೆಂದು ಅವಕ್ಕೆ ನಾನು ಹಾಲುತೊಂಡೆ ರೋಗದ ವೈರಸ್ ಕೊಡುತ್ತಿದ್ದೆ. ವೈರಸ್ ನುಗ್ಗಿದ ಜೀವಕೋಶ ಸುಮ್ಮನೆ ಕೂರುವುದಿಲ್ಲ. ಪುಟ್ಟದೊಂದು ಅಣುವನ್ನು ತಯಾರಿಸಿ, ಕಳ್ಳ ಬಂದಿದ್ದಾನೆಂದು ಎಚ್ಚರಿಸುತ್ತದೆ. ಆ ಸುದ್ದಿ ಮುಟ್ಟಿದರೆ ಹುಳುವಿನ ಮೈ ಕಾದಾಟಕ್ಕೆ ನಿಲ್ಲುತ್ತದೆ. ವೈರಸ್ಸೇನು ಕಡಿಮೆಯೇ? ಒಂದು ಕಿಣ್ವವನ್ನು ಬಿಟ್ಟು ಆ ಅಣುವನ್ನೇ ಕತ್ತರಿಸಿಹಾಕುತ್ತದೆ. ಹುಳು ಏನೂ ಆಗಿಲ್ಲವೆಂಬಂತೆ ಎಲೆ ಮೇಯುತ್ತಿರುತ್ತದೆ. ಕೊನೆಗೊಂದು ದಿನ ಮೈ ಊದಿ, ತಟ್ಟೆಯ ಅಂಚಿನ ಮೇಲೆ ಗೊತ್ತುಗುರಿಯಿಲ್ಲದೆ ಅಲೆಯತೊಡಗುತ್ತದೆ. ಈ ಚಾಲಾಕಿತನದ ಮೇಲೆ ನನಗೆ ಒಂದು ಬಗೆಯ ಮೆಚ್ಚುಗೆಯೇ ಇತ್ತು.

ಅಮ್ಮ ಆಂಟಾಪ್ ಹಿಲ್‌ನಲ್ಲಿ ಕಾಲನಿಯವರಿಗೆಲ್ಲ ದೋಸೆ ಹಿಟ್ಟು ರುಬ್ಬಿ ಕೊಡುತ್ತಿದ್ದಳು. ಬೆಳಿಗ್ಗೆ ಹಿಟ್ಟೆಲ್ಲ ಖಾಲಿಯಾದ ಮೇಲೆ ನನಗೊಂದು ಮಿಸ್ಡ್ ಕಾಲ್. ಎರಡು ರಿಂಗ್, ಆಮೇಲೆ ಕಟ್. ನಾನು ಎತ್ತಬಾರದು. ಕಾಲ್‌ಗೆ ದುಡ್ಡು ಬೀಳುತ್ತಿದ್ದ ಕಾಲದ ಅಭ್ಯಾಸ. ಈಗ ಎಷ್ಟು ಮಾತಾಡಿದರೂ ಅಷ್ಟೇ ದುಡ್ಡು ಅಂದರೆ ಕೇಳುತ್ತಿರಲಿಲ್ಲ. ನಾನು ಚೆನ್ನಾಗಿದ್ದೇನೆ, ನೀನು ನಿನ್ನ ಕೆಲಸ ನೋಡು ಎಂದು ಆ ಎರಡು ರಿಂಗಿನ ಅರ್ಥ.

ಚೌತಿಯ ರಜೆಗೆ ಲ್ಯಾಬಿನವರೆಲ್ಲ ಊರಿಗೆ ಹೋಗಿದ್ದರು. ಹುಳುಗಳಿಗೆ ಸೊಪ್ಪು ಹಾಕಲು ಉಳಿದವಳು ನಾನೊಬ್ಬಳೇ. ಆ ವಾರವೂ ಮಿಸ್ಡ್ ಕಾಲ್ ತಪ್ಪದೆ ಬರುತ್ತಿತ್ತು. ಒಂದು ಬೆಳಿಗ್ಗೆ ಮಾತ್ರ ಫೋನ್ ಎರಡು ರಿಂಗಿಗೆ ನಿಲ್ಲಲಿಲ್ಲ. ಸೊಪ್ಪು ಹಿಡಿದುಕೊಂಡೇ ಕಾದೆ. ಪೂರ್ತಿ ರಿಂಗಾಗಿ ನಿಂತು, ಮತ್ತೆ ಶುರುವಾಯಿತು. ಎತ್ತಿದೆ.

ಅಮ್ಮನ ಫೋನಿನಲ್ಲಿ ಪಕ್ಕದ ಮನೆಯ ಖಾಲಾ. ಸೀರೆಗಳಿಗೆ ಫಾಲ್ ಹೊಲಿಯುವ, ವಿಜಾಪುರ ಕಡೆಯ ಹೆಂಗಸು. ಅಳುತ್ತಿದ್ದರು.

“ಏನಾಯ್ತು ಖಾಲಾ?”

“ನಾ ಏನೂ ಹೇಳಂಗಿಲ್ಲವಾ. ನಿಮ್ಮವ್ವ ಆಣಿ ಹಾಕ್ಯಾರ. ಅಕಿಗೆ ಹೇಳಬ್ಯಾಡ, ಓಡಿ ಬರ್ತಾಳ, ಅಲ್ಲಿ ಹುಳ ಸಾಯ್ತಾವ ಅಂತ. ಈ ವಾರ ದಿನಾ ನಾನ ಮಿಸ್ಡ್ ಕಾಲ್ ಕೊಡ್ತಿದ್ದೆ. ಇವತ್ತ ಕಟ್ ಮಾಡಾಕ ಕೈ ಬರಲಿಲ್ಲ ನೋಡು.”

ದಾದರ್ ತನಕ ಲೋಕಲ್‌ನಲ್ಲಿ ಬಾಗಿಲ ಬಳಿಯೇ ನಿಂತಿದ್ದೆ. ಸ್ಟೇಷನ್‌ಗಳು ನೀರಿನೊಳಗಿಂದ ಎದ್ದು ಬಂದು ಮತ್ತೆ ಮುಳುಗಿದಂತೆ ಕಂಡವು. ಅಮ್ಮ ಇದ್ದಾಳೆ, ಇದ್ದಾಳೆ ಎಂದು ಗಾಲಿಗಳ ತಾಳಕ್ಕೆ ಹೇಳಿಕೊಳ್ಳುತ್ತಿದ್ದೆ.

“ಜ್ವರ ಬಿಟ್ಟಿತು ನೋಡು, ಇನ್ನೆಂತ?” ಎಂದು, ನಾನು ಮನೆಯೊಳಗೆ ಕಾಲಿಟ್ಟೊಡನೆ ಅಮ್ಮ ಮಲಗಿದಲ್ಲಿಂದಲೇ ನಕ್ಕಳು. ಅವಳ ಪಾದ ಮುಟ್ಟಿದರೆ ತಣ್ಣಗೆ. ಕಾಲನಿಯ ತುಂಬ ಡೆಂಗ್ಯೂ ಹಬ್ಬಿತ್ತು; ಆ ಜ್ವರ ಬಿಡುವ ಹೊತ್ತೇ ಅಪಾಯದ್ದು ಎಂದು ನನಗೆ ಗೊತ್ತಿತ್ತು. ಖಾಲಾ ಮತ್ತು ನಾನು ಸೇರಿ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಇನ್ನೊಂದು ದಿನ ತಡವಾಗಿದ್ದರೆ, ಎಂದು ಡಾಕ್ಟರ್ ಮಾತು ಅರ್ಧಕ್ಕೆ ನಿಲ್ಲಿಸಿದರು.

ಡ್ರಿಪ್‌ನ ಹನಿಗಳನ್ನು ನೋಡುತ್ತ ಹಗಲು ರಾತ್ರಿಗಳು ಕಲೆಸಿಹೋದವು. ನಡುವೆ ಲ್ಯಾಬಿನ ವಾಚ್‌ಮನ್ ಫೋನ್ ಮಾಡಿ, ಕೋಣೆಯಿಂದ ವಾಸನೆ ಬರುತ್ತಿದೆ ಎಂದ. ಹಸಿವಿನಿಂದಲೋ ವೈರಸ್ಸಿನಿಂದಲೋ, ಹುಳುಗಳೆಲ್ಲ ಹೋಗಿದ್ದವು. ಆ ಪ್ರಯೋಗ ಅಲ್ಲಿಗೆ ಮುಗಿಯಿತು.

ಪ್ಲೇಟ್‌ಲೆಟ್ ಏರತೊಡಗಿದ ದಿನ ಅಮ್ಮ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. “ಹುಳಗಳಿಗೆ ಸೊಪ್ಪು ಯಾರು ಹಾಕ್ತಾರೆ ಮಾರಾಯ್ತಿ?”

“ಯಾರೂ ಇಲ್ಲ. ಎಲ್ಲ ಸತ್ತವು.”

ಜ್ವರಕ್ಕೂ ಸೂಜಿಗೂ ಅಳದವಳು ಗೊಳೋ ಎಂದು ಅತ್ತಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಹುಳ ಬೇಕಾದಷ್ಟು ಸಿಗ್ತದೆ ಅಮ್ಮ. ನೀನು ಎಲ್ಲಿ ಸಿಗ್ತಿ?” ಎಂದು ಗದರಿದೆ.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹಾಗಾದ್ರೆ ಹೋಗಿ ಬೇರೆ ತಕ್ಕೊಂಡು ಬಾ. ಇಲ್ಲಿ ಕೂತು ಎಂತ ಮಾಡ್ತಿ?” ಎಂದಳು. ಹಿಡಿದಿದ್ದ ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.