ಮೆಟ್ಟಿಲ ಮೇಲಿನ ಅಹವಾಲು

ನನ್ನ ಕ್ಷೌರದಂಗಡಿ ಇರುವುದು ಕಾಲೇಜಿನ ಗೇಟಿಗೆ ಎದುರು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಮುಂದಿನದನ್ನೆಲ್ಲ ಗಿರಾಕಿಗಳು ಬಿಟ್ಟುಹೋದ ಪೇಪರು, ಪುಸ್ತಕ ಓದಿ ನಾನೇ ಕಲಿತೆ, ಯಾವ ಮೇಷ್ಟರ ಹಂಗೂ ಇಲ್ಲ. ಆದ್ದರಿಂದ ಒಬ್ಬ ಹುಡುಗಿಯ ಬಗ್ಗೆ ನಾಲ್ಕು ಮಾತು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಅವಳು ನಮ್ಮಕ್ಕನ ಮೊಮ್ಮಗಳು, ಕಾಲೇಜಿನ ವಿದ್ಯಾರ್ಥಿ ಸಂಘದ ಅಧ್ಯಕ್ಷೆ. ಗೆದ್ದ ದಿನದಿಂದ ಬೀದಿಗೆಲ್ಲ ಲೀಡರಮ್ಮ. ಆಗ ಕೆನ್ನೆ ತುಂಬಿಕೊಂಡಿದ್ದವಳು ವರ್ಷ ತಿರುಗುವುದರೊಳಗೆ ಒಣಗಿದ ಹೀರೇಕಾಯಿಯಂತಾಗಿದ್ದಳು. ಹಾಸ್ಟೆಲಿನ ನಲ್ಲಿ ಕೆಟ್ಟರೂ ಅವಳೇ ಓಡಬೇಕು, ತರಗತಿಯ ಫ್ಯಾನು ನಿಂತರೂ ಅವಳೇ. ಸಂಜೆ ನನ್ನ ಕುರ್ಚಿಯಲ್ಲಿ ಕುಸಿದು ಚಪ್ಪಲಿ ಕಳಚುತ್ತಿದ್ದಳು.

"ತಾತಾ, ಗಿರಾಕಿ ಬಂದ್ರೆ ಎಬ್ಸು."

"ನೀನೇ ಗಿರಾಕಿ ಅಂದ್ಕೊಂಡು ತಲೆ ಬೋಳಿಸ್ಬಿಟ್ರೆ?"

"ಬೋಳಿಸು. ಬಾಚ್ಕೊಳ್ಳೋ ಕೆಲ್ಸ ಆದ್ರೂ ತಪ್ಪುತ್ತೆ."

ಆ ಕಾಲೇಜಿನಲ್ಲೊಂದು ಪದ್ಧತಿ. ಪ್ರಿನ್ಸಿಪಾಲರು ಸಂಘದವರ ಅಹವಾಲನ್ನು ಕೋಣೆಯಲ್ಲಿ ಕೂತು ಕೇಳುವವರಲ್ಲ. ವಾರಕ್ಕೊಮ್ಮೆ, ಊಟಕ್ಕೆ ಹೊರಟಾಗ, ಮಹಡಿಯ ಮೆಟ್ಟಿಲಿಳಿಯುತ್ತ ಕೇಳುತ್ತಿದ್ದರು. ಮೆಟ್ಟಿಲು ಮುಗಿದರೆ ಅಹವಾಲೂ ಮುಗಿಯಿತು. ಅದಕ್ಕೇ ಮಕ್ಕಳು ಸಂಘಕ್ಕೆ ಪ್ರತಿ ವರ್ಷ ಚುರುಕು ಬಾಯಿಯವರನ್ನೇ ಆರಿಸುತ್ತಿದ್ದರು. ನಮ್ಮವಳ ಮಾತೋ, ಅರಳು ಹುರಿದಂತೆ.

ಆ ವರ್ಷದ ದೊಡ್ಡ ತಕರಾರು ಗೇಟಿನದು. ಊರಾಚೆಯ ಮಾತ್ರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಪಾಠಕ್ಕೆ ಬರುವ ಮಕ್ಕಳು ಕೆಲವರಿದ್ದರು. ಬಸ್ಸು ತಡವಾಯಿತೋ, ಗಂಟೆ ಹೊಡೆದು ವಾಚ್‌ಮನ್ ಗೇಟು ಹಾಕಿಬಿಟ್ಟಿರುತ್ತಿದ್ದ. ಮೊದಲ ಪಾಠ ಮುಗಿಯುವ ತನಕ ಅವರೆಲ್ಲ ನನ್ನ ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ತೂಕಡಿಸುತ್ತಿದ್ದರು. ಹೀಗೇ ಹಾಜರಾತಿ ಕಡಿಮೆಯಾಗುತ್ತ ಹೋಗಿ, ಕೊನೆಗೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತ್ತು. ಲೀಡರಮ್ಮ ಮೆಟ್ಟಿಲ ಮೇಲೆ ಮತ್ತೆ ಮತ್ತೆ ಹೇಳಿದಳು. ಕೊನೆಯ ಮೆಟ್ಟಿಲಲ್ಲಿ ಪ್ರತಿ ಸಲವೂ ಅದೇ ಉತ್ತರ: "ನೋಡೋಣಮ್ಮ."

ಕಟ್ಟೆಯ ಮೇಲೆ ತೂಕಡಿಸುವವರಲ್ಲಿ ಒಬ್ಬಳಿಗೆ ಗೆಳತಿಯರು ನಿದ್ದೆಪುಟ್ಟಿ ಎಂದು ಹೆಸರಿಟ್ಟಿದ್ದರು. ಒಂದು ಬೆಳಿಗ್ಗೆ ಅವಳು ಕಣ್ಣುಜ್ಜುತ್ತ ಲೀಡರಮ್ಮನಿಗೆ ಹೇಳಿದಳು:

"ಅಕ್ಕಾ, ನೀವು ಚೆನ್ನಾಗೇ ಮಾತಾಡ್ತೀರ. ಗೇಟು ಮಾತ್ರ ತೆಗೀಲಿಲ್ಲ."

ನಮ್ಮವಳ ಮುಖ ಸಣ್ಣಗಾಯಿತು. "ಹಂಗಾದ್ರೆ ಇವತ್ತು ನೀನೇ ಬಾರೇ."

"ಅಯ್ಯೋ, ನಂಗೆಲ್ಲಿ ಮಾತು ಬರುತ್ತೆ?"

"ಬಂದಷ್ಟು ಹೇಳು."

ಮುಂದೆ ನಡೆದದ್ದನ್ನು ವಾಚ್‌ಮನ್ ನನ್ನಲ್ಲಿ ಗಡ್ಡ ಕೆರೆಸಿಕೊಳ್ಳುತ್ತ ಹೇಳಿದ. ಪ್ರಿನ್ಸಿಪಾಲರು ಇಳಿಯತೊಡಗಿದರಂತೆ. "ಸಾರ್, ಇವತ್ತು ಇವಳು ಹೇಳ್ತಾಳೆ" ಎಂದು ಲೀಡರಮ್ಮ ಹಿಂದೆ ಸರಿದಳಂತೆ. ನಿದ್ದೆಪುಟ್ಟಿ "ಸಾರ್" ಎನ್ನಲು ಒಂದು ಮೆಟ್ಟಿಲು, "ಬಸ್ಸು" ಎನ್ನಲು ಇನ್ನೊಂದು. ಸಂಘದ ಹುಡುಗರು ಹಿಂದಿನಿಂದ "ಬೇಗ ಹೇಳೇ ಮಾರಾಯ್ತಿ!" ಎಂದು ತಿವಿಯುತ್ತಿದ್ದರು. ಲೀಡರಮ್ಮನ ನಾಲಿಗೆ ತುರಿಸುತ್ತಿತ್ತು, ತುಟಿ ಕಚ್ಚಿಕೊಂಡಳು. ಅರ್ಧ ಇಳಿಯುವಷ್ಟರಲ್ಲಿ, ರಾತ್ರಿಯಿಡೀ ನಿಂತು ಡಬ್ಬಿ ತುಂಬಿದ ಆ ಹುಡುಗಿಯ ಕಾಲು ಸೋತು, ಪ್ರಿನ್ಸಿಪಾಲರ ದಾರಿಗಡ್ಡ ಅಲ್ಲೇ ಕೂತುಬಿಟ್ಟಳು.

ಮೆಟ್ಟಿಲು ಇಕ್ಕಟ್ಟು. ಅವಳನ್ನು ದಾಟಿಹೋಗುವಂತಿಲ್ಲ. ಯಾರೋ ಕಿಸಕ್ಕೆಂದರು. ಲೀಡರಮ್ಮ ಹೋಗಿ ಅವಳ ಪಕ್ಕದಲ್ಲೇ ಕೂತಳು.

"ಏನಮ್ಮಾ ಇದು, ಮುಷ್ಕರಾನ?"

"ಅಲ್ಲ ಸಾರ್, ಕಾಲು ನೋವು" ಎಂದಳು ನಿದ್ದೆಪುಟ್ಟಿ. "ರಾತ್ರಿಯೆಲ್ಲ ನಿಂತೇ ಇದ್ದೆ. ಕೂತೇ ಹೇಳ್ತೀನಿ."

ಪ್ರಿನ್ಸಿಪಾಲರು ಕಂಬಿ ಹಿಡಿದು ನಿಂತರು. ಮೆಟ್ಟಿಲ ಮೇಲೆ ಅವರು ನಿಂತದ್ದನ್ನು ವಾಚ್‌ಮನ್ ಅವತ್ತೇ ಮೊದಲು ಕಂಡದ್ದು. ಪಾಳಿ, ಬಸ್ಸು, ಗೇಟು, ಕಟ್ಟೆ ಎಲ್ಲವನ್ನೂ ಅವಳು ತಡವರಿಸುತ್ತ, ಆಕಳಿಸುತ್ತ ಹೇಳಿ ಮುಗಿಸಿದಳು.

ಸಿಕ್ಕಿದ್ದು ಇಷ್ಟು. ಗಂಟೆ ಹೊಡೆದ ಮೇಲೂ ಕಾರ್ಖಾನೆಯ ಮಕ್ಕಳಿಗೆ ಗೇಟು ತೆಗೆಯಬೇಕು. ಪರೀಕ್ಷೆಗೆ ಕೂರಬಹುದು, ಆದರೆ ತಪ್ಪಿದ ಪಾಠಗಳಿಗೆ ಬದಲಾಗಿ ಭಾನುವಾರವೂ ತರಗತಿಗೆ ಬರಬೇಕು. ಅವರಿಗೆ ನಿದ್ದೆಗೆಂದು ಇದ್ದದ್ದು ಅದೊಂದೇ ದಿನ.

ಸಂಜೆ ಇಬ್ಬರೂ ನನ್ನ ಅಂಗಡಿಗೆ ಬಂದರು. ಗೆದ್ದವರ ಮುಖ ಹಾಗಿರುವುದಿಲ್ಲ.

"ಭಾನುವಾರ ನಾನೂ ಬರ್ತೀನಿ ಕಣೇ" ಎಂದಳು ನಮ್ಮವಳು. "ಮುಂದಿನ ವರ್ಷ ಸಂಘಕ್ಕೆ ನಿನ್ನನ್ನೇ ನಿಲ್ಲಿಸ್ತೀವಿ."

"ಅಕ್ಕಾ, ನಿಲ್ಲೋದೊಂದು ಬಿಟ್ಟು ಬೇರೇನಾದ್ರೂ ಹೇಳಿ."

ನಗುವುದಕ್ಕೂ ಇಬ್ಬರಿಗೂ ತ್ರಾಣವಿರಲಿಲ್ಲ. ಒಬ್ಬಳು ಕುರ್ಚಿಯಲ್ಲಿ, ಒಬ್ಬಳು ಬೆಂಚಿನಲ್ಲಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗಿರಾಕಿ ಬಂದ. ನಾನು ಎಬ್ಬಿಸಲಿಲ್ಲ. ಅವನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಕತ್ತರಿಯ ಸದ್ದಾಗದಂತೆ ಕೂದಲು ಕತ್ತರಿಸಿದೆ.