ಮೇಷ್ಟ್ರಿಗೆ ಇಲ್ಲ ಅನ್ನುವ ಪಾಠ

2022ರಲ್ಲಿ ನಾನು ಕೆಜಿಎಫ್‌ನ ಒಂದು ಪದವಿ ಕಾಲೇಜಿನಲ್ಲಿ ಗಣಿತ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಅಂದರೆ ದೊಡ್ಡದೇನೂ ಅಲ್ಲ. ವಿಭಾಗದಲ್ಲಿ ಇದ್ದದ್ದು ನಾನು ಮತ್ತು ಒಬ್ಬ ಅತಿಥಿ ಉಪನ್ಯಾಸಕ, ಹಾಗಾಗಿ ಅವನಿಗೆ ನಾನು ಮುಖ್ಯಸ್ಥೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಮನೆ ಬಂಗಾರಪೇಟೆಯಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ರೈಲುಗಾಡಿ ಹತ್ತಿ ಉರಿಗಾಂನಲ್ಲಿ ಇಳಿಯುವುದು, ಸಾಯಂಕಾಲ ಅದೇ ದಾರಿಯಲ್ಲಿ ವಾಪಸ್ಸು. ನನ್ನ ಬಾಯಿ ಕೆಟ್ಟದ್ದು ಅಂತ ಕಾಲೇಜಿನಲ್ಲಿ ಹೆಸರಿತ್ತು. ಸುಮ್ಮನೆ ಯಾರೂ ಹೆಸರು ಕೊಡುವುದಿಲ್ಲ, ಅದನ್ನು ನಾನು ದುಡಿದೇ ಸಂಪಾದಿಸಿದ್ದು.

ಆ ವರ್ಷ ಬಿಎಸ್ಸಿಗೆ ಸೇರಿದ ಮಕ್ಕಳು ಪಿಯುಸಿಯ ಅರ್ಧ ಪಾಠವನ್ನು ಮೊಬೈಲಿನಲ್ಲಿ ಕೇಳಿ ಬಂದವರು. ಉಳಿದರ್ಧವನ್ನು ಪಾಸಿಂಗ್ ಪ್ಯಾಕೇಜ್‌ನಲ್ಲಿ ಮುಗಿಸಿದ್ದರು. ಪಾಸಿಂಗ್ ಪ್ಯಾಕೇಜ್ ಅಂದರೆ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಆರಿಸಿ, ಉತ್ತರವನ್ನು ಬಾಯಿಪಾಠ ಮಾಡಿಸುವ ಏರ್ಪಾಡು. ಅದರಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದವರಿದ್ದರು. ಈ ಉತ್ತರ ಯಾಕೆ ಹೀಗೆ ಬಂತು ಅಂತ ಕೇಳಿದರೆ ತೊಂಬತ್ತರ ಮೇಲಿನ ತಲೆಗಳೆಲ್ಲ ಒಟ್ಟಿಗೆ ನೆಲ ನೋಡುತ್ತಿದ್ದವು.

ಇಂಥ ಮಕ್ಕಳನ್ನು ಕೈ ಹಿಡಿದು ನಡೆಸಲು ಅಂತ ಕಾಲೇಜಿನಲ್ಲಿ ಒಂದು ಮೆಂಟರಿಂಗ್ ಸೆಲ್ ಹುಟ್ಟಿಕೊಂಡಿತು. ಅದರ ಸಂಯೋಜಕರು ವಾಣಿಜ್ಯ ವಿಭಾಗದ ಪ್ರಸಾದ್. ಇಸ್ತ್ರಿ ಮಾಡಿದ ಮನುಷ್ಯ. ಯಾವ ಕೆಲಸವಾದರೂ ಮೊದಲು ಅದಕ್ಕೆ ಬ್ಯಾನರ್ ಬರೆಸುತ್ತಿದ್ದರು, ಆಮೇಲೆ ಸಮೋಸ ತರಿಸುತ್ತಿದ್ದರು, ಕೊನೆಗೆ ಜಿಯೋಟ್ಯಾಗ್ ಫೋಟೋ, ಅಂದರೆ ಎಲ್ಲಿ ಯಾವಾಗ ತೆಗೆದದ್ದು ಅಂತ ಅದರಲ್ಲೇ ಅಚ್ಚಾಗುವ ಫೋಟೋ. ಫೋಟೋ ಬಂತೋ, ಕೆಲಸ ಮುಗಿಯಿತು. ನಮ್ಮ ವಿಭಾಗದ ಕಪ್ಪು ಹಲಗೆ ಸವೆದು ಬೆಳ್ಳಗಾಗಿ, ಒತ್ತಿ ಬರೆದರೆ ಮಾತ್ರ ಚಾಕ್ ಹಿಡಿಯುತ್ತಿತ್ತು. ಅದಕ್ಕೆ ಬಣ್ಣ ಹೊಡೆಸಿ ಅಂದರೆ ಅನುದಾನ ಇಲ್ಲ, ಬ್ಯಾನರಿಗೆ ಮಾತ್ರ ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅವರ ಮುಖಕ್ಕೇ ಹೇಳಿದೆ. ಅವರು ನಕ್ಕು, ಮೇಡಂ ತುಂಬ ಹಾಸ್ಯ ಮಾಡ್ತಾರೆ ಅಂತ ಪಕ್ಕದವರಿಗೆ ಹೇಳಿದರು.

ಸೆಲ್ಲಿನ ಮೊದಲ ಕಾರ್ಯಕ್ರಮಕ್ಕೆ ಬೆಂಗಳೂರಿನಿಂದ ಒಬ್ಬ ಪ್ರೇರಣಾ ಭಾಷಣಕಾರನನ್ನು ಕರೆಸಿದರು. ಕೊರಳಿಗೆ ಮೈಕು ಸಿಕ್ಕಿಸಿಕೊಂಡು ಬಂದ ಆ ಮಹಾನುಭಾವ, ಗಣಿತದ ಬಗ್ಗೆ ನಿಮಗಿರುವ ಭಯವನ್ನು ಚೀಟಿಯಲ್ಲಿ ಬರೆಯಿರಿ, ಈಗ ಹರಿಯಿರಿ, ಈಗ ಬಿಸಾಕಿ, ನಿಮ್ಮ ಭಯ ಹೋಯಿತು ಅಂದ. ಮಕ್ಕಳು ಬರೆದರು, ಹರಿದರು, ಬಿಸಾಕಿದರು. ಅರ್ಥ ಆಯ್ತಾ ಅಂತ ಕೇಳಿದ್ದಕ್ಕೆ ಎಲ್ಲರೂ ರಾಗವಾಗಿ ಆಯ್ತು ಸಾರ್ ಅಂದರು. ಆ ಚೂರುಗಳನ್ನು ಗುಡಿಸಿದ್ದು ನಮ್ಮ ಅಟೆಂಡರ್ ಮೇರಿಯಮ್ಮ. ಗುಡಿಸುತ್ತ ಗುಡಿಸುತ್ತ ಆಕೆ ತಮಿಳಿನಲ್ಲಿ ಬೈದ ನಾಲ್ಕು ಮಾತಿದೆಯಲ್ಲ, ಅವತ್ತಿನ ಇಡೀ ಕಾರ್ಯಕ್ರಮದಲ್ಲಿ ಕೇಳುವಂತಿದ್ದದ್ದು ಅದೊಂದೇ.

ಹೋದ ಭಯ ಮಾರನೆಯ ವಾರ ಬ್ರಿಡ್ಜ್ ಕೋರ್ಸಿನ ಪರೀಕ್ಷೆಗೆ ವಾಪಸ್ಸು ಬಂತು. ಬ್ರಿಡ್ಜ್ ಕೋರ್ಸ್ ಅಂದರೆ ಪಿಯುಸಿಗೂ ಪದವಿಗೂ ನಡುವಿನ ಹಳ್ಳ ದಾಟಿಸುವ ಸಣ್ಣ ಪಾಠಕ್ರಮ. ಸುಮಾರು ಮಕ್ಕಳು ಹಳ್ಳದಲ್ಲೇ ಬಿದ್ದರು. ಚೈತ್ರ ಅನ್ನುವ ಹುಡುಗಿಗೆ ಸೊನ್ನೆ. ಬೂದಿಕೋಟೆ ಕಡೆಯ ಹಳ್ಳಿಯವಳು, ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ನಾನು ಹತ್ತುವ ಗಾಡಿಯನ್ನೇ ಹತ್ತುತ್ತಿದ್ದಳು. ಉತ್ತರ ಪತ್ರಿಕೆಯಲ್ಲಿ ಪ್ರಶ್ನೆಗಳನ್ನೆಲ್ಲ ಮುತ್ತು ಪೋಣಿಸಿದ ಹಾಗೆ ಬರೆದು, ಅಡಿಗೆರೆ ಎಳೆದು, ಕೆಳಗೆ ಖಾಲಿ ಬಿಟ್ಟಿದ್ದಳು.

ಪ್ರಸಾದ್ ಇವರಿಗೆಲ್ಲ ಸ್ಲೋ ಲರ್ನರ್ ಅಂತ ಹೆಸರಿಟ್ಟರು. ಇವರಿಗೆ ವಿಶೇಷ ತರಗತಿ ಇಟ್ಟದ್ದು ಯಾವಾಗ? ಸಾಯಂಕಾಲ, ಬಂಗಾರಪೇಟೆ ಕಡೆಯ ಗಾಡಿ ಹೋದ ಮೇಲೆ. ಗಾಡಿ ತಪ್ಪಿದರೆ ಈ ಮಕ್ಕಳಿಗೆ ಊರಿನ ಬಸ್ಸೂ ತಪ್ಪುತ್ತದೆ. ಯಾರೂ ಬರಲಿಲ್ಲ. ವಿದ್ಯಾರ್ಥಿಗಳಿಗೆ ಆಸಕ್ತಿ ಇಲ್ಲ ಅಂತ ವರದಿ ಹೋಯಿತು. ಬಡ್ಡಿಮಗಂದು, ಗಾಡಿ ಹೊರಡುವ ಹೊತ್ತು ಪ್ರಸಾದ್‌ಗೆ ಗೊತ್ತಿಲ್ಲ ಅಂತಲ್ಲ, ಅವರು ಕಾರಿನಲ್ಲಿ ಓಡಾಡುತ್ತಿದ್ದರು ಅಷ್ಟೆ.

ಕೊನೆಗೆ ಅವರು ಕಂಡುಕೊಂಡ ಪರಿಹಾರ, ಇಂಥ ಮಕ್ಕಳನ್ನು ಬಿಎಗೆ ವರ್ಗಾಯಿಸುವುದು. ಕೋರ್ಸ್ ಬದಲಾಯಿಸಲು ವಿಶ್ವವಿದ್ಯಾಲಯ ಒಂದು ಕೊನೆಯ ದಿನ ಕೊಟ್ಟಿತ್ತು, ಅದಕ್ಕೆ ಇನ್ನೂ ಕೆಲವು ವಾರ ಇತ್ತು. ಅಷ್ಟರಲ್ಲಿ ಸಾಗಿಸಿಬಿಟ್ಟರೆ ಬಿಎಸ್ಸಿ ಫಲಿತಾಂಶ ಚೆನ್ನಾಗಿ ಕಾಣುತ್ತದೆ. ರೋಗಿಗಳನ್ನೆಲ್ಲ ಪಕ್ಕದ ಆಸ್ಪತ್ರೆಗೆ ತಳ್ಳಿ, ನಮ್ಮಲ್ಲಿ ಯಾರೂ ಸತ್ತಿಲ್ಲ ಅನ್ನುವ ಡಾಕ್ಟರನ್ನು ನೀವು ನೋಡಿರಬಹುದು. ನಾನು ಪ್ರಾಂಶುಪಾಲರ ಹತ್ತಿರ ಹೋಗಿ ಕೂಗಾಡಿದೆ. ಮಕ್ಕಳೇ ಒಪ್ಪಿ ಬರೆದುಕೊಟ್ಟರೆ ನಾನೇನು ಮಾಡಲಿ ಮೇಡಂ ಅಂದರು ಅವರು.

ಒಂದು ದಿನ ಪ್ರಸಾದ್ ಚೈತ್ರಳ ಅಪ್ಪ ವೆಂಕಟೇಶಪ್ಪನನ್ನು ಸ್ಟಾಫ್ ರೂಮಿಗೆ ಕರೆಸಿದರು. ನಾನು ಅದೇ ಕೋಣೆಯ ಮೂಲೆಯಲ್ಲಿ ಪೇಪರ್ ತಿದ್ದುತ್ತಿದ್ದೆ. ಕುರ್ಚಿ ತೋರಿಸಿದರೂ ಆತ ಕೂರಲಿಲ್ಲ. ನಿಮ್ಮ ಹುಡುಗಿಗೆ ಲೆಕ್ಕ ತಲೆಗೆ ಹತ್ತಲ್ಲ, ಬಿಎ ಆದರೆ ಆರಾಮಾಗಿ ಪಾಸಾಗ್ತಾಳೆ, ಏನಂತೀರಿ ಅಂದರು ಪ್ರಸಾದ್. ಅಪ್ಪ ಹೂಂ ಸಾ ಅಂದ. ಮಗಳನ್ನು ಕೇಳಿದರು. ಅವಳೂ ಹೂಂ ಸಾರ್ ಅಂದಳು. ಹಾಗಾದರೆ ಅರ್ಜಿ ಸಿದ್ಧ ಮಾಡಿಸಿರ್ತೀನಿ, ಕೊನೆಯ ದಿನ ಬಂದು ಸಹಿ ಹಾಕಿ ಅಂದು, ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಆಪ್ತ ಸಮಾಲೋಚನೆ ಮುಗಿಯಿತು.

ನಾನು ಎದ್ದು ಹೊರಗೆ ಹೋದೆ. ಅಪ್ಪ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ, ಮಗಳು ಕಂಬಕ್ಕೆ ಒರಗಿ ಅಳುತ್ತಿದ್ದಳು. ವಿಚಾರಿಸಿದೆ. ಅವಳು ಓದಿದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರೇ ಇರಲಿಲ್ಲವಂತೆ, ಹಿಂದಿ ಟೀಚರೇ ಲೆಕ್ಕವನ್ನೂ ಮಾಡಿಸುತ್ತಿದ್ದರಂತೆ. ತಾನು ಲೆಕ್ಕದ ಟೀಚರಾಗಿ ಆ ಸ್ಕೂಲಿಗೇ ಹೋಗಬೇಕು ಅಂತ ಇವಳ ಆಸೆ. ಬಿಎಸ್ಸಿ ಗಣಿತ ಬಿಟ್ಟರೆ ಆ ಬಾಗಿಲು ಮುಚ್ಚಿತು, ಮತ್ತೆ ತೆರೆಯುವುದಿಲ್ಲ. ಅಪ್ಪನಿಗೂ ಅದು ಗೊತ್ತು. ಇನ್ನೊಂದು ಅವಕಾಶ ಕೊಡಿ ಅಂತ ಕೇಳಿಕೊಳ್ಳುವುದಕ್ಕೇ ಹಾಲು ಕರೆದಿಟ್ಟು ಬೆಳಿಗ್ಗೆಯೇ ಹೊರಟು ಬಂದಿದ್ದನಂತೆ. ಮತ್ತೆ ಹೂಂ ಅಂದದ್ದು ಯಾಕಪ್ಪಾ ಅಂತ ಸಿಟ್ಟಿನಿಂದಲೇ ಕೇಳಿದೆ.

“ಮೇಷ್ಟ್ರು ಒಂದು ಮಾತು ಏಳಿದ್ಮೇಲೆ ಇಲ್ಲ ಅನ್ನಾಕಾಯ್ತದಾ ಅಮ್ಮಾ?” ಅಂದ ಆತ. “ನಾವು ಓದಿಲ್ಲ, ಆದ್ರೆ ಮರ್ವಾದೆ ಗೊತ್ತೈತೆ.”

ಈ ಸೀಮೆಯವಳು ನಾನು, ಇದು ನನಗೆ ಗೊತ್ತಿಲ್ಲದ್ದಲ್ಲ. ಇಲ್ಲಿ ಮೇಷ್ಟ್ರು ಅರ್ಥ ಆಯ್ತಾ ಅಂದರೆ ಆಯ್ತು ಅನ್ನಬೇಕು. ಆಗಲಿಲ್ಲ ಅಂದರೆ ನಿಮಗೆ ಹೇಳಿಕೊಡಲು ಬರುವುದಿಲ್ಲ ಅಂತ ಬೈದ ಹಾಗೆ. ಪಂಕ್ತಿಯಲ್ಲಿ ಬಡಿಸುವ ಹಿರಿಯರು ಬಂದು ಸಾಕಾ ಅಂದರೆ ಹೊಟ್ಟೆ ತುಂಬದಿದ್ದರೂ ಸಾಕು ಅನ್ನುತ್ತೇವಲ್ಲ, ಅದೇ ಮರ್ಯಾದೆ. ಆ ಮರ್ಯಾದೆಯನ್ನು ಒಪ್ಪಿಗೆ ಅಂತ ಬರೆದುಕೊಳ್ಳುವ ಮನುಷ್ಯ ಮೆಂಟರ್! ಥೂ.

ಮಾರನೆಯ ದಿನದಿಂದ ಚೈತ್ರಳನ್ನು ಮಧ್ಯಾಹ್ನ ಊಟದ ಬಿಡುವಿನಲ್ಲಿ ವಿಭಾಗಕ್ಕೆ ಕರೆದೆ. ಬ್ಯಾನರ್ ಇರಲಿಲ್ಲ. ಬಿಎಸ್ಸಿಯ ಮೊದಲ ವರ್ಷದಲ್ಲಿ ಎಲ್ಲರನ್ನೂ ಎಡವಿಸುವುದು ಲಿಮಿಟ್. ಒಂದು, ಅರ್ಧ, ಮೂರರಲ್ಲೊಂದು, ನಾಲ್ಕರಲ್ಲೊಂದು ಹೀಗೆ ಹೋಗುವ ಸಾಲು ಸೊನ್ನೆಯನ್ನು ಸಮೀಪಿಸುತ್ತದೆ ಅನ್ನುತ್ತೇವೆ. ಅದನ್ನು ಸಾಧಿಸುವುದು ಇಬ್ಬರ ಚೌಕಾಸಿ ಇದ್ದಂತೆ. ನೂರನೆಯದರಿಂದ ಆಚೆಗೆ ಎಲ್ಲವೂ ಸೊನ್ನೆಗೆ ನೂರರಲ್ಲೊಂದು ಪಾಲಿಗಿಂತ ಹತ್ತಿರ ಅಂತ ಒಬ್ಬರು ಹೇಳಬೇಕು. ಸಾಲದು, ಸಾವಿರದಲ್ಲೊಂದು ಪಾಲಿಗಿಂತ ಹತ್ತಿರ ಬರಲಿ ಅಂತ ಇನ್ನೊಬ್ಬರು ತಕರಾರು ತೆಗೆಯಬೇಕು. ಹಾಗಾದರೆ ಸಾವಿರದಿಂದ ಆಚೆ ನೋಡು ಅಂತ ಮೊದಲನೆಯವರು ಒಪ್ಪಿಸಬೇಕು. ಎಂಥ ತಕರಾರಿಗೂ ಉತ್ತರ ಇದ್ದರೆ ಸೊನ್ನೆ ಆ ಸಾಲಿನ ಲಿಮಿಟ್. ತಕರಾರು ತೆಗೆಯುವವರೇ ಇಲ್ಲದಿದ್ದರೆ ಗಣಿತವೇ ಇಲ್ಲ.

ತಕರಾರು ತೆಗೆಯುವ ಕೆಲಸ ಚೈತ್ರಳಿಗೆ ಕೊಟ್ಟೆ. ನಾನು ನೂರು ಅಂದೆ. ಅವಳು ಸಾಕು ಮೇಡಂ ಅಂದಳು. ತಲೆ ಚಚ್ಚಿಕೊಂಡೆ. ಪರೀಕ್ಷಿಸೋಣ ಅಂತ ಬೇಕೆಂದೇ ತಪ್ಪು ಹೇಳಿದೆ. ಒಂದು, ಮೈನಸ್ ಒಂದು, ಮತ್ತೆ ಒಂದು, ಮೈನಸ್ ಒಂದು ಹೀಗೆ ಕುಣಿಯುವ ಸಾಲಿದೆಯಲ್ಲ, ಅದೂ ಸೊನ್ನೆಗೇ ಹೋಗುತ್ತದೆ ಅಂದೆ. ಹೂಂ ಮೇಡಂ ಅಂದಳು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ! ಆದರೆ ಹೂಂ ಅನ್ನುವಾಗ ಬರೆಯುತ್ತಿದ್ದ ಅವಳ ಕೈ ನಿಂತಿತ್ತು. ಮುಂದೆ ಬರೆಯಲಿಲ್ಲ. ತಪ್ಪು ಅಂತ ಅವಳಿಗೆ ಗೊತ್ತಾಗಿದೆ ಅನ್ನುವುದು ಆ ಕೈಯಿಂದ ನನಗೆ ಗೊತ್ತಾಯಿತು.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂದೆ. ನೀವು ಏಳ್ತಿದ್ರಲ್ಲ ಮೇಡಂ ಅಂದಳು. ಸಂತೆಯಲ್ಲಿ ತರಕಾರಿಯವನು ಹೇಳಿದ ರೇಟಿಗೆ ಹೀಗೇ ಹೂಂ ಅಂದುಕೊಂಡು ಬರ್ತೀಯೇನೇ ಅಂತ ಗದರಿದೆ.

“ಅವ್ನು ಮೇಷ್ಟ್ರಲ್ವಲ್ಲ ಮೇಡಂ,” ಅಂದಳು.

ಬೈದು ನೋಡಿದೆ, ನಗಿಸಿ ನೋಡಿದೆ, ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಲು ನೋಡಿದೆ. ಕುರ್ಚಿಯ ಹತ್ತಿರವೂ ಬರಲಿಲ್ಲ. ಲೆಕ್ಕ ಮಾತ್ರ ದಿನ ದಿನಕ್ಕೆ ತಿಳಿಯುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಕೊನೆಯ ದಿನ ಹತ್ತಿರ ಬಂತು. ಬಿಎಸ್ಸಿಯಲ್ಲೇ ಇರುತ್ತೇನೆ ಅಂತ ಅವಳೇ ಪ್ರಸಾದ್ ಎದುರು ಹೇಳಬೇಕು. ಅವಳ ಪರವಾಗಿ ನಾನು ಎಷ್ಟು ಕೂಗಾಡಿದರೂ, ಅವರು ಅವಳ ಕಡೆ ತಿರುಗಿ ಏನಮ್ಮಾ ಅಂದರೆ ಇವಳು ಹೂಂ ಅಂದುಬಿಡುತ್ತಾಳೆ. ಅಲ್ಲಿಗೆ ಎಲ್ಲ ನೀರಿನಲ್ಲಿ ಹೋಮ.

ಕಡೆಗೆ ಅವಳಿಗೆ ಒಂದು ಮಾತು ಹೇಳಿದೆ. ನಾಳೆ ಅದೇ ಕುಣಿಯುವ ಸಾಲಿನ ತಪ್ಪು ಲೆಕ್ಕವನ್ನು ಇಡೀ ಕ್ಲಾಸಿಗೆ ಬೋರ್ಡಿನ ಮೇಲೆ ಮಾಡುತ್ತೇನೆ, ಎಲ್ಲರೂ ಬರೆದುಕೊಳ್ಳುತ್ತಾರೆ, ನೀನು ನಿಲ್ಲಿಸದಿದ್ದರೆ ನಾನೂ ನಿಲ್ಲಿಸುವುದಿಲ್ಲ ಅಂದೆ. ಮಾರನೆಯ ದಿನ ಹಾಗೇ ಮಾಡಿದೆ. ಎಲ್ಲರೂ ಬರೆದುಕೊಂಡರು. ಅರ್ಥ ಆಯ್ತಾ ಅಂದೆ. ಕೋಲೆ ಬಸವನ ಹಾಗೆ ತಲೆ ಆಡಿಸಿ ಆಯ್ತು ಮೇಡಂ ಅಂದಿತು ಕ್ಲಾಸು. ಪಟ್ಟಣದಲ್ಲೇ ಬೆಳೆದ ಆಂಡರ್ಸನ್‌ಪೇಟೆಯ ಜಾಣರೂ ಅಂದರು, ಮೊದಲ ಬೆಂಚಿನವರೂ ಅಂದರು. ನಾನು ಒರೆಸುವ ಬಟ್ಟೆ ಎತ್ತಿಕೊಂಡೆ. ಆಗ ಹಿಂದಿನ ಬೆಂಚಿನಲ್ಲಿ ಚೈತ್ರ ಎದ್ದು ನಿಂತಳು.

“ಇಲ್ಲ ಮೇಡಂ. ಅದು ಎಲ್ಲೂ ನಿಲ್ಲಲ್ಲ. ಸೊನ್ನೆಗೆ ಅರ್ಧದಷ್ಟು ಹತ್ರ ಬಾ ಅಂದ್ರೂ ಬರಾಕಾಗಲ್ಲ ಅದ್ಕೆ.”

ಇಡೀ ಕ್ಲಾಸು ಅವಳ ಕಡೆ ತಿರುಗಿತು, ಆಮೇಲೆ ನನಗೆ ಸಿಟ್ಟು ಬಂತೇನೋ ಅಂತ ನನ್ನ ಕಡೆ ತಿರುಗಿತು. ಸರಿಯಾಗಿ ಹೇಳಿದೆ ಕಣೇ ಅಂತ ಅವಳನ್ನು ಬೋರ್ಡಿಗೆ ಕರೆದು ಚಾಕ್ ಕೈಗೆ ಕೊಟ್ಟೆ.

ಕೊನೆಯ ದಿನ ವೆಂಕಟೇಶಪ್ಪ ಬಂದ, ನಾನೂ ಹೋಗಿ ಬಾಗಿಲ ಹತ್ತಿರ ನಿಂತೆ. ಅರ್ಜಿ ಸಿದ್ಧವಾಗಿತ್ತು, ಫೋಟೋ ತೆಗೆಯುವವನೂ ಬಂದಿದ್ದ. ಪ್ರಸಾದ್ ಪೆನ್ನು ಮುಂದಕ್ಕೆ ಚಾಚಿದರು. ಚೈತ್ರ ಪೆನ್ನು ತೆಗೆದುಕೊಳ್ಳಲಿಲ್ಲ.

“ಇಲ್ಲ ಸಾರ್. ನಾನು ಬಿಎಸ್ಸೀಲೇ ಇರ್ತೀನಿ,” ಅಂದಳು.

ಪ್ರಸಾದ್ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಫೇಲಾದರೆ ನನ್ನ ಕೇಳಬೇಡ ಅಂದರು. ಅದಕ್ಕವಳು ವಿನಯದಿಂದ ಹೂಂ ಸಾರ್ ಅಂದಳು. ಅಪ್ಪ ನಾಚಿಕೆಯಿಂದ ಕುಗ್ಗಿಹೋದ. ಮೇಷ್ಟ್ರಿಗೆ ಎದುರು ಮಾತಾಡ್ತೀಯಾ ಅಂತ ಮಗಳನ್ನು ಮನೆಮಾತು ತೆಲುಗಿನಲ್ಲಿ ಗದರಿ, ಪ್ರಸಾದ್‌ಗೆ ಕೈ ಮುಗಿದು, ಹೊರಗೆ ಬಂದ ಮೇಲೆ ನನ್ನ ಹತ್ತಿರ ಮೆಲ್ಲಗೆ, ಪಾಸಾಯ್ತಾಳಾ ಅಮ್ಮಾ ಅಂತ ಕೇಳಿದ. ಗೊತ್ತಿಲ್ಲಪ್ಪ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮೊದಲ ಸೆಮಿಸ್ಟರ್ ಏದುಸಿರು ಬಿಡುತ್ತ ಪಾಸಾದಳು, ಎರಡನೆಯದು ಪರವಾಗಿಲ್ಲ, ಮೂರನೆಯದರಿಂದ ಕ್ಲಾಸಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ನಾನು ಬೋರ್ಡಿನ ಮೇಲೆ ನಿಜವಾಗಿಯೇ ತಪ್ಪು ಮಾಡಿದಾಗಲೂ ಎದ್ದು ನಿಲ್ಲುತ್ತಿದ್ದಳು, ಅವಳನ್ನು ನೋಡಿ ಇನ್ನು ಕೆಲವರೂ ಕಲಿತರು. ಮೆಂಟರಿಂಗ್ ಸೆಲ್ಲಿನ ವಾರ್ಷಿಕ ವರದಿಯಲ್ಲಿ ಚೈತ್ರಳ ಯಶೋಗಾಥೆ ಒಂದು ಪುಟ ಬಂತು, ಅಪ್ಪ ಮಗಳ ಮಧ್ಯೆ ಪ್ರಸಾದ್ ನಿಂತ ಫೋಟೋ ಸಮೇತ. ಬಿಎಗೆ ಅಟ್ಟಲು ಕರೆಸಿದ ದಿನ ತೆಗೆದ ಫೋಟೋ ಅದು. ಪ್ರಸಾದ್‌ಗೆ ಆ ವರ್ಷ ಒಂದು ಶಾಲು, ಹಾರ ಕೂಡ ಸಿಕ್ಕಿತು. ನಾನು ಸಭೆಯಲ್ಲಿ ಕೂತು ಸಮೋಸ ತಿಂದು ಬಂದೆ.

2024ರಲ್ಲಿ ನಿವೃತ್ತಳಾದೆ. ಮರುವರ್ಷ ಚೈತ್ರಳ ಡಿಗ್ರಿ ಮುಗಿಯಿತು. ಅವಳನ್ನು ಎಂಎಸ್ಸಿಗೆ ಸೇರಿಸಬೇಕು ಅಂತ ನಾನು ಆಗಲೇ ತೀರ್ಮಾನ ಮಾಡಿ, ವಿಶ್ವವಿದ್ಯಾಲಯದಲ್ಲಿ ಗೊತ್ತಿದ್ದವರೊಬ್ಬರ ಹತ್ತಿರ ಮಾತಾಡಿ, ಹಾಸ್ಟೆಲ್ ಕೂಡ ವಿಚಾರಿಸಿ ಇಟ್ಟಿದ್ದೆ. ಅವಳು ಬಂಗಾರಪೇಟೆಯ ನಮ್ಮ ಮನೆಗೆ ಬಂದಳು. ಎಲ್ಲ ಕೇಳಿಸಿಕೊಂಡಳು. ಕಾಫಿ ಲೋಟ ಕೆಳಗಿಟ್ಟು, ಇಲ್ಲ ಮೇಡಂ, ಬಿ.ಎಡ್‌ಗೆ ಅರ್ಜಿ ಹಾಕಿದೀನಿ ಅಂದಳು.

ಹೈಸ್ಕೂಲಿನಲ್ಲಿ ಕೂಡೋದು ಕಳೆಯೋದು ಹೇಳಿಕೊಡುವುದಕ್ಕಾ ಇಷ್ಟು ಕಲಿತದ್ದು ಅಂತ ಬಾಯಿಗೆ ಬಂದ ಹಾಗೆ ಬೈದೆ. ಎರಡು ವರ್ಷದ ಮಧ್ಯಾಹ್ನದ ಊಟ ನಿನಗೋಸ್ಕರ ಬಿಟ್ಟಿದೀನಿ ಅಂತ ಸಣ್ಣತನದ ಮಾತೂ ಆಡಿದೆ. ಅವಳು ನಾನು ಸುಮ್ಮನಾಗುವ ತನಕ ಕಾದು, ಅದೇ ಮಾತನ್ನು ಇನ್ನೊಂದು ಸಲ ಹೇಳಿ, ಕಾಲಿಗೆ ನಮಸ್ಕಾರ ಮಾಡಿ, ಬಸ್ಸಿಗೆ ಹೊತ್ತಾಯಿತು ಅಂತ ಹೊರಟಳು.

ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತ ಪಾಠ ಯಾವುದು ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಮಕ್ಕಳಿಗೆ ಇಲ್ಲ ಅನ್ನುವುದನ್ನು ಕಲಿಸಬಹುದು. ಕಲಿಸಿದ ಮೇಲೆ ಯಾರಿಗೆ ಅನ್ನಬೇಕು, ಯಾರಿಗೆ ಅನ್ನಬಾರದು ಅಂತ ಪಟ್ಟಿ ಕೊಡಲು ಆಗುವುದಿಲ್ಲ. ಚೈತ್ರಳ ಮೇಲೆ ನನಗೆ ಇವತ್ತಿಗೂ ಕೋಪ ಇದೆ. ಆದರೆ ಅವತ್ತು ಅವಳು ನನ್ನ ಮುಖ ನೋಡಿ ಹೂಂ ಮೇಡಂ ಅಂದುಬಿಟ್ಟಿದ್ದರೆ, ನಾನು ಅವಳನ್ನು ಮನೆಯೊಳಗೆ ಇನ್ನೊಂದು ಸಲ ಸೇರಿಸುತ್ತಿರಲಿಲ್ಲ.